ಹಳದಿ ಬಳಪದ ನಾಯಿ

ಗಾಡಿ ಮತ್ತೆ ಕೈ ಕೊಟ್ಟಿತು.

ಕೀಲಿ ತಿರುಗಿಸಿದರೆ ಕುಂಯ್ ಕುಂಯ್ ಅನ್ನುತ್ತೆ, ಕೆಮ್ಮುತ್ತೆ, ಇನ್ನೇನು ಹತ್ತಿಕೊಂಡಿತು ಅನ್ನುವಾಗ ಸುಮ್ಮನಾಗುತ್ತೆ. ಮತ್ತೆ ತಿರುಗಿಸಿದೆ. ಮತ್ತೆ ಅದೇ ರಾಗ. ರೇಗಿ ಸ್ಟೀರಿಂಗಿಗೆ ಎರಡೂ ಕೈಯಿಂದ ಗುದ್ದಿದೆ. ಹಾರನ್ ಮಾತ್ರ ಬೀದಿಗೆಲ್ಲ ಕೇಳುವ ಹಾಗೆ ಕೂಗಿತು.

"ಗುದ್ದಿದ್ರೆ ಸ್ಟಾರ್ಟ್ ಆಗುತ್ತಾ ವಾಂಡಾ?" ಅಂದಳು ಪಕ್ಕದ ಸೀಟಿನಲ್ಲಿದ್ದ ಡಾರ್ಲಾ ಬೀಸ್ಲಿ.

"ಆಗಲ್ಲ. ನನಗೆ ಸ್ವಲ್ಪ ಸಮಾಧಾನ ಆಗುತ್ತೆ."

ಒಂಬತ್ತೂವರೆ. ಹನ್ನೆರಡಕ್ಕೆ ಹಳೇ ಕಾರು ಕೂಡಿಡುವ ಲೈಲ್ ಪ್ರೂಯಿಟ್‌ನ ಶೆಡ್ಡಿನ ಮುಂದೆ ಲಾರಿ ಬಂದು ನಿಲ್ಲುತ್ತೆ. ಅವನ ಹಸಿರು ವುಲ್ವರಿನ್ ಕಾರು ಅದರೊಳಗೆ ಹತ್ತಿ ಬಂದರಿಗೆ ಹೋಗುತ್ತೆ, ಅಲ್ಲಿಂದ ಹಡಗಿನಲ್ಲಿ ಸಮುದ್ರದಾಚೆ ಯಾವನೋ ಶ್ರೀಮಂತನ ಮನೆ ಸೇರುತ್ತೆ. ಆಮೇಲೆ ನಾನು ತಿಪ್ಪರಲಾಗ ಹಾಕಿದರೂ ಅದು ಕೈಗೆ ಸಿಗಲ್ಲ.

ಹೊಸಬರಿಗೆ ಒಂದೇ ಮಾತು: ಮೂವತ್ತೊಂದು ವರ್ಷದ ಹಿಂದೆ, ಅಕ್ಟೋಬರಿನ ಒಂದು ಶನಿವಾರ, ಡಾರ್ಲಾಳ ಅಪ್ಪ ವರ್ನನ್ ಬೀಸ್ಲಿ ತನ್ನ 1969ರ ಹ್ಯಾಲ್‌ಸ್ಟೆಡ್ ವುಲ್ವರಿನ್ ಕಾರು ಹತ್ತಿ ಮನೆಯಿಂದ ಹೊರಟವನು ತಿರುಗಿ ಬರಲಿಲ್ಲ, ಕಾರೂ ಬರಲಿಲ್ಲ.

ಯಾವಳ ಜೊತೆಗೋ ಓಡಿಹೋದ ಅಂತ ಊರು ತೀರ್ಮಾನ ಮಾಡಿತು. ಆಗ ಡಾರ್ಲಾಗೆ ಹದಿನೆಂಟು. ಆ ಬೇಸಿಗೆಯಲ್ಲೇ ವಾಯುಸೇನೆಗೆ ಸೇರಿ ಟೆಕ್ಸಸ್‌ಗೆ ಹೋಗಿದ್ದಳು. ಹೋಗುವಾಗ ಅಪ್ಪನ ಜೊತೆ ಜಗಳವಾಡಿಕೊಂಡು ಹೋದವಳು. ಈಗ ನಲವತ್ತೊಂಬತ್ತು. ಆರು ವಾರದ ಹಿಂದೆ ನನ್ನ ಆಫೀಸಿಗೆ ಬಂದು ಕೂತು, "ಅಪ್ಪ ನಮ್ಮನ್ನ ಬಿಟ್ಟು ಹೋದನಾ, ಇಲ್ಲಾ ಅವನಿಗೇ ಏನಾದ್ರೂ ಆಯ್ತಾ, ಅಷ್ಟು ಗೊತ್ತಾದ್ರೆ ಸಾಕು. ಬೈಕೊಂಡು ಸಾಯ್ಲಾ, ಅತ್ತು ಸಾಯ್ಲಾ ಅಂತ ತಿಳಿಯದೇ ಅರ್ಧ ಆಯಸ್ಸು ಕಳೀತು" ಅಂದಿದ್ದಳು.

ಇಪ್ಪತ್ತಾರು ವರ್ಷ ಮಿಶಿಗನ್ ಪೊಲೀಸಿನಲ್ಲಿ ಕದ್ದ ಕಾರು ಹುಡುಕಿದವಳು ನಾನು, ವಾಂಡಾ ಕೊವಾಲ್. ಮನುಷ್ಯನನ್ನು ಹುಡುಕುವುದು ಕಷ್ಟ, ಕಾರು ಹುಡುಕೋಣ, ಕಾರು ಸಿಕ್ಕರೆ ಅದನ್ನು ಮಾರಿದವರು ಸಿಗುತ್ತಾರೆ ಅಂತ ಧೈರ್ಯ ಹೇಳಿದ್ದೆ. ಆ ಧೈರ್ಯ ಈಗ ನನಗೇ ಬೇಕಾಗಿತ್ತು.

ಇಳಿದು ಬಾನೆಟ್ ಎತ್ತಿದೆ. ಬಿಸಿ ಗಾಳಿ ಮುಖಕ್ಕೆ ರಾಚಿತು. ಜುಲೈ ಸೆಕೆ, ನಲವತ್ತು ಮೈಲಿ ಓಡಿಸಿದ್ದು, ಮೇಲೆ ಕಾಫಿಗೆ ಅಂತ ಬೀಸ್ಲಿಯವರ ಮನೆ ಮುಂದೆ ಹದಿನೈದು ನಿಮಿಷ ನಿಲ್ಲಿಸಿದ್ದು. ನನ್ನ ಅರವತ್ತೆಂಟರ ಮಾಡೆಲ್ ಮುದುಕಿಗೆ ಇಷ್ಟು ನೆಪ ಸಾಕು.

ಮನೆ ಬಾಗಿಲು ತೆಗೆದು ಡಾರ್ಲಾಳ ತಾಯಿ ಲೊರೆಟಾ ಬೀಸ್ಲಿ ಮೆಟ್ಟಿಲಿಳಿದು ಬಂದರು. ಎಪ್ಪತ್ತೇಳು ವರ್ಷ, ಕಡ್ಡಿ ಮೈ, ಮೊಣಕೈವರೆಗೆ ಮೈದಾಹಿಟ್ಟು. ಮುಷ್ಟಿ ತುಂಬ ಬಟ್ಟೆ ಒಣಹಾಕುವ ಮರದ ಕ್ಲಿಪ್ಪು.

"ತಗೋ. ಪೆಟ್ರೋಲ್ ಪೈಪಿಗೆ ಹಾಕು. ಬಿಸಿಗೆ ಒಳಗಿನ ಪೆಟ್ರೋಲು ಆವಿ ಆಗಿಬಿಟ್ಟಿರುತ್ತೆ. ಮರ ಶಾಖ ಎಳ್ಕೊಳ್ಳುತ್ತೆ."

"ಗೊತ್ತು ಮಿಸೆಸ್ ಬೀಸ್ಲಿ. ಹದಿನಾಲ್ಕು ಆಗಲೇ ಹಾಕಿದೀನಿ."

"ಆ ಮಿಸೆಸ್ ಗಿಸೆಸ್ ಬಿಡಮ್ಮ. ಇಪ್ಪತ್ತು ಹಾಕು. ವರ್ನನ್ ಇಪ್ಪತ್ತು ಹಾಕ್ತಿದ್ದ. ಒಂದು ಬೇಸಿಗೆ ಪೂರ್ತಿ ನನ್ನ ಬಟ್ಟೆಯೆಲ್ಲ ಹುಲ್ಲಿನ ಮೇಲೇ ಒಣಗಿತು."

ಈ ಕ್ಲಿಪ್ಪಿನಿಂದ ನಿಜವಾಗಿ ಏನಾದರೂ ಆಗುತ್ತದೆಯೋ ಇಲ್ಲವೋ, ದೇವರಿಗೇ ಗೊತ್ತು. ಹಳೇ ಗಾಡಿ ಇಟ್ಟುಕೊಂಡವರು ಯಾರೂ ಹಾಕದೆ ಇರುವುದಿಲ್ಲ, ಅಷ್ಟೇ. ಆರು ಕ್ಲಿಪ್ಪು ಸೇರಿಸಿದೆ. ಬೆರಳು ಸುಟ್ಟಿತು. ಬಾಯಿಗೆ ಬಂದದ್ದನ್ನು ಲೊರೆಟಾ ಮುಖ ನೋಡಿ ನುಂಗಿಕೊಂಡೆ.

"ಇಪ್ಪತ್ತು ನಿಮಿಷ ತಣ್ಣಗಾಗಲಿ ಬಿಡು," ಅಂದರು ಲೊರೆಟಾ.

"ಅಷ್ಟರಲ್ಲಿ ವಾಂಡಾಗೆ ಗ್ಯಾರೇಜ್ ತೋರಿಸ್ತೀನಿ ಅಮ್ಮ," ಅಂದಳು ಡಾರ್ಲಾ. "ಪಾಪ, ಆರು ವಾರದಿಂದ ಕೇಳ್ತಿದಾರೆ."

"ಅಲ್ಲೇನಿದೆ ಮಣ್ಣಂಗಟ್ಟಿ? ಜೇಡರ ಬಲೆ, ಇಲಿ."

"ಹತ್ತು ನಿಮಿಷ ಅಮ್ಮ."

ಲೊರೆಟಾ ಕೈಯ ಹಿಟ್ಟು ಒರೆಸಿಕೊಂಡರು. ಆಮೇಲೆ ಏಪ್ರನ್ ಜೇಬಿನಿಂದ ಬೀಗದ ಕೈ ತೆಗೆದು ಕೊಟ್ಟು ಒಳಗೆ ಹೋದರು.

"ಬೇಜಾರು ಮಾಡ್ಕೋಬೇಡಿ," ಅಂದಳು ಡಾರ್ಲಾ, ಬೀಗ ತೆಗೆಯುತ್ತ. "ಅಪ್ಪ ಹೋದ ಮೇಲೆ ಹತ್ತು ವರ್ಷ ಈ ಬಾಗಿಲು ತೆಗೀಲೇ ಇಲ್ಲ. ರಜಕ್ಕೆ ಬಂದಾಗ ನಾನು ಕೇಳಿದ್ರೂ ಬೀಗದ ಕೈ ಕೊಡ್ತಿರ್ಲಿಲ್ಲ. ನೋಡಿದ್ರೆ ಎದೆ ಒಡೆಯುತ್ತೆ ಅನ್ನೋಳು."

ಒಳಗೆ ಹಳೇ ಆಯಿಲ್ ವಾಸನೆ. ಒಂದು ಗೋಡೆ ತುಂಬ ತೂತು ತೂತಿನ ಹಲಗೆ, ಅದರ ಮೇಲೆ ಸ್ಪ್ಯಾನರು, ಇಕ್ಕಳ, ಸುತ್ತಿಗೆ. ಒಂದೊಂದರ ಸುತ್ತಲೂ ಕೆಂಪು ಬಣ್ಣದಲ್ಲಿ ಅದರದೇ ಆಕಾರದ ಗೆರೆ ಎಳೆದಿತ್ತು. ನಮ್ಮ ಕಡೆ ಗಂಡಸರಿಗೆ ಇದೊಂದು ಹುಚ್ಚು. ಪಕ್ಕದ ಮನೆಯವನು ಸುತ್ತಿಗೆ ಎರವಲು ಒಯ್ದು ಮರೆತರೆ ಬರೀ ಗೆರೆ ಉಳಿದು ಅವನ ಹೆಸರು ಹೇಳುತ್ತೆ.

ಎಲ್ಲ ಗೆರೆಯೊಳಗೂ ಸಾಮಾನು ಇತ್ತು, ಒಂದರಲ್ಲಿ ಮಾತ್ರ ಇಲ್ಲ. ನಡುವೆ ದಪ್ಪ, ಎರಡು ತುದಿಗೂ ಗಿಡ್ಡ ಹಿಡಿ.

"ಇದ್ಯಾವ ಸಾಮಾನು? ನನಗೇ ಗೊತ್ತಾಗ್ತಿಲ್ಲ."

ಡಾರ್ಲಾ ನಕ್ಕಳು. "ಅದು ಅಮ್ಮನ ಲಟ್ಟಣಿಗೆ. ಬಾಗಿಲಿನ ರಬ್ಬರ್ ಪಟ್ಟಿಗೆ ಗೋಂದು ಹಚ್ಚಿ ಕೂರಿಸೋಕೆ ಅದೇ ಬೇಕು ಅಪ್ಪನಿಗೆ. ಅಡುಗೆಮನೆಯಿಂದ ತಂದು ಇಲ್ಲೇ ನೇತುಹಾಕಿ ಗೆರೆ ಎಳೆದುಬಿಟ್ಟ. ಅಮ್ಮ ಹಿಟ್ಟು ಕಲೆಸಿಟ್ಟು ಇಲ್ಲಿಗೆ ಬಂದು ಇಸ್ಕೊಂಡು ಹೋಗ್ಬೇಕು, ಮತ್ತೆ ತಂದು ಕೊಡ್ಬೇಕು. ದಿನಾ ರಾಮಾಯಣ."

"ಈಗೆಲ್ಲಿದೆ?"

"ಅವನ ಜೊತೆ ಹೋಯ್ತು." ಉತ್ತರ ಕೊಟ್ಟದ್ದು ಲೊರೆಟಾ. ಯಾವಾಗ ಬಂದರೋ, ಬಾಗಿಲಲ್ಲಿ ನಿಂತಿದ್ದರು. "ಆ ಶನಿವಾರ ಡಿಕ್ಕಿಯಲ್ಲಿ ಸಾಮಾನಿನ ಜೊತೆ ಹಾಕ್ಕೊಂಡು ಹೋದ. ಹೆಂಡ್ತಿನ ಬಿಟ್ಟು ಹೋದ, ಲಟ್ಟಣಿಗೆ ಬಿಡಲಿಲ್ಲ ನೋಡು. ಮೂವತ್ತೊಂದು ವರ್ಷದಿಂದ ಸೀಸೆಯಲ್ಲೇ ಲಟ್ಟಿಸ್ತಿದೀನಿ."

"ನಾನು ಮೂರು ತಂದುಕೊಟ್ಟೆ. ಮೂರೂ ಡ್ರಾಯರಲ್ಲಿ ಬಿದ್ದಿವೆ," ಅಂದಳು ಡಾರ್ಲಾ.

"ಕೈಗೆ ಹೊಂದಲ್ಲ ಕಣೆ. ಹೋಗಿ, ನಿಮ್ಮ ಗಾಡಿ ತಣ್ಣಗಾಗಿರುತ್ತೆ. ಮಧ್ಯಾಹ್ನಕ್ಕೆ ಚೆರ್ರಿ ಪೈ ಮಾಡ್ತಿದೀನಿ, ತಡ ಮಾಡಬೇಡಿ."

ಮುದುಕಿ ಮೊದಲನೇ ಕೀಲಿಗೇ ಹತ್ತಿಕೊಂಡಿತು. ಇಪ್ಪತ್ತು ಕ್ಲಿಪ್ಪು. ನನಗೆ ಸಿಟ್ಟೇ ಬಂತು.

*

"ಬೆಲ್ಟ್ ಬಿಚ್ಚಿ," ಅಂದ ಲೈಲ್ ಪ್ರೂಯಿಟ್.

"ಏನಂದ್ರಿ?"

"ಬೆಲ್ಟ್, ವಾಚು, ಉಂಗುರ. ಬಗ್ಗಿ ನೋಡುವಾಗ ಬಣ್ಣಕ್ಕೆ ಗೀರು ಬೀಳುತ್ತೆ. ನನ್ನ ಗಾಡಿ ಹತ್ತಿರ ಯಾರೇ ಬರಲಿ, ಮೇಡಂ, ಇದೇ ಕಾನೂನು."

ಎಪ್ಪತ್ತು ದಾಟಿದ ಮನುಷ್ಯ. ಕೂದಲು ಬಾಚಿ ಅಂಟಿಸಿದ್ದ, ಶರ್ಟಿನ ಮೇಲೆ ಒಂದು ಸುಕ್ಕಿಲ್ಲ. ಶೆಡ್ಡಿನ ನೆಲದ ಮೇಲೆ ಊಟ ಬಡಿಸಬಹುದು, ಅಷ್ಟು ಶುಭ್ರ. ಗೋಡೆಗೆಲ್ಲ ಹಳೇ ಕಾರಿನ ಸ್ಪರ್ಧೆಗಳಲ್ಲಿ ಗೆದ್ದ ಬಹುಮಾನದ ಫಲಕಗಳು.

ಬೆಲ್ಟ್ ಬಿಚ್ಚಿ ಕೊಟ್ಟೆ. ಆರು ವಾರದ ಓಡಾಟದಲ್ಲಿ ನಾನು ಸಣ್ಣಗಾಗಿದ್ದೆ, ಪ್ಯಾಂಟು ಜಾರುತ್ತಿತ್ತು. ಒಂದು ಕೈಯಲ್ಲಿ ಪ್ಯಾಂಟು, ಇನ್ನೊಂದು ಕೈಯಲ್ಲಿ ಟಾರ್ಚು ಹಿಡಿದು ಕದ್ದ ಕಾರು ಪರೀಕ್ಷೆ ಮಾಡುವ ಸೌಭಾಗ್ಯ ನನಗೆ ಬಂತು.

ವುಲ್ವರಿನ್ ಬೆಳಕಿನಲ್ಲಿ ನಿಂತಿತ್ತು. ಪಾಚಿ ಹಸಿರು ಬಣ್ಣ, ಬಿಳಿ ಸೀಟು, ನಾಲ್ಕು ಗೇರು. ಆ ವರ್ಷ ಈ ಮೂರೂ ಕೂಡಿ ಬಂದ ಗಾಡಿಗಳು ಹತ್ತೊಂಬತ್ತೇ. ಕ್ಲಬ್ಬಿನವರ ಪಟ್ಟಿ, ಹಳೇ ಡೀಲರುಗಳ ಕಾಗದ, ಧೂಳು ಹಿಡಿದ ಪತ್ರಿಕೆ ಎಲ್ಲ ಜಾಲಾಡಿ ಒಂದೊಂದರ ಜಾತಕ ತೆಗೆದಿದ್ದೆ. ಪ್ರೂಯಿಟ್‌ನ ಗಾಡಿಯ ನಂಬರಿನದು ಕೆಂಟಕಿಯ ಒಂದು ಕೊಟ್ಟಿಗೆಯಲ್ಲಿ ಬೆಂಕಿಗೆ ಸಿಕ್ಕಿ ಸುಟ್ಟುಹೋಯಿತು ಅಂತ ಒಂದು ಕ್ಲಬ್ ಪತ್ರಿಕೆಯ ಮೂಲೆಯಲ್ಲಿ ಎರಡು ಸಾಲು. ಸುಟ್ಟ ಗಾಡಿಯ ನಂಬರು ಕಿತ್ತು ಕದ್ದ ಗಾಡಿಗೆ ಹಾಕುವುದು ನಾನು ನೂರು ಸಲ ನೋಡಿದ ಆಟ.

ಆದರೆ ಪತ್ರಿಕೆಯ ಎರಡು ಸಾಲಿಗೆ ಯಾವ ಪೊಲೀಸೂ ಲಾರಿ ತಡೆಯಲ್ಲ. ಇಲಾಖೆಯಲ್ಲಿರುವ ನನ್ನ ಹಳೇ ಶಿಷ್ಯ ಸಾರ್ಜೆಂಟ್ ಟೋಲ್‌ಬರ್ಟ್ ಬೆಳಗ್ಗೆ ಫೋನಿನಲ್ಲೇ ಹೇಳಿದ್ದ: "ಮೇಡಂ, ಕೈಯಲ್ಲಿ ಹಿಡಿಯೋ ಅಂಥದ್ದು ಏನಾದ್ರೂ ಕೊಡಿ. ನಿಮ್ಮ ಅನುಮಾನ ಹಿಡ್ಕೊಂಡು ನಾನು ಕೋರ್ಟಿಗೆ ಹೋಗಕ್ಕಾಗಲ್ಲ."

ಗಾಜಿನ ಕೆಳಗಿನ ನಂಬರ್ ಪಟ್ಟಿ ನೋಡಿದೆ. ಅದನ್ನು ಬಿಗಿದ ರಿವೆಟ್ ಮೊಳೆಗಳು ಕಾರ್ಖಾನೆಯವೇ. ಬಾನೆಟ್ ಕೆಳಗೆ ಬಗ್ಗಿ ಇಂಜಿನ್ ನಂಬರು ನೋಡಿದೆ. ಪಟ್ಟಿಯ ನಂಬರೇ. ಟಾರ್ಚು ಹಲ್ಲಲ್ಲಿ ಕಚ್ಚಿಕೊಂಡು ಭೂತಗನ್ನಡಿ ಹಿಡಿದು ಅಕ್ಷರಗಳ ಸುತ್ತ ನೋಡಿದೆ. ಉಜ್ಜಿದ ಗುರುತಿಲ್ಲ, ಕೆತ್ತಿದ ಗುರುತಿಲ್ಲ. ಸುಟ್ಟ ಗಾಡಿಯ ಇಂಜಿನ್ನನ್ನೇ ತಂದು ಕೂರಿಸಿದ್ದರೆ ನಂಬರು ಸರಿಯಿರದೆ ಇನ್ನೇನಿರುತ್ತೆ? ಗೊತ್ತು. ಗೊತ್ತಿದ್ದು ಏನು ಪ್ರಯೋಜನ, ತೋರಿಸುವುದು ಹೇಗೆ?

ಹನ್ನೊಂದು ಗಂಟೆ.

"ಮುಗೀತಾ?" ಅಂದ ಪ್ರೂಯಿಟ್. "ಮೂರನೇ ಸಲ ಬರ್ತಿದೀರಿ. ಹೋದ ಸಲ ಗೇರ್ ಬಾಕ್ಸ್ ನೋಡಿದ್ರಿ. ಅದರ ಹಿಂದಿನ ಸಲ ಸೀಟಿನ ಸ್ಪ್ರಿಂಗ್ ಒಳಗೆ ಕೈ ಹಾಕಿದ್ರಿ. ನನ್ನಷ್ಟು ತಾಳ್ಮೆ ಇನ್ಯಾರಿಗೂ ಇರಲ್ಲ."

"ಬಚ್ಚಿಡೋದು ಏನೂ ಇಲ್ಲ ಅಂದ್ರೆ ತಾಳ್ಮೆ ಸುಲಭ."

"ಇಲ್ಲವೇ ಇಲ್ಲ! ಸಾವಿರಕ್ಕೆ ಒಂಬೈನೂರ ತೊಂಬತ್ತಾರು ಅಂಕ ಕೊಟ್ಟಿದಾರೆ ತೀರ್ಪುಗಾರರು. ಈ ಗಾಡಿ ಕಾರ್ಖಾನೆ ಬಿಟ್ಟಾಗ ಹೇಗಿತ್ತೋ ಹಾಗೇ ಇದೆ. ಬೋಲ್ಟಿನ ತಲೆ ಮೇಲಿನ ಬಣ್ಣದ ಚುಕ್ಕೆ ಕೂಡ. ಅಲ್ಲಿ ನೋಡಿ, ಇಂಜಿನ್ ಹಿಂದೆ, ತಗಡಿನ ಗೋಡೆ ಮೇಲೆ. ತಪಾಸಣೆಯವರು ಹಾಕಿದ ಬಳಪದ ಗುರುತು. ಎಲ್ಲರೂ ಇದನ್ನ ಒರೆಸಿ ಹಾಕಿ ಬಣ್ಣ ಹೊಡೀತಾರೆ, ಮುಟ್ಠಾಳರು. ನಾನು ಬಣ್ಣ ಕೀಳೋ ಮೊದಲೇ ಅಚ್ಚು ತೆಗೆದಿಟ್ಟು ವಾಪಸ್ ಅದೇ ಜಾಗಕ್ಕೆ ಹಾಕಿದೆ. ಇದಕ್ಕೇ ತೀರ್ಪುಗಾರರು ನನ್ನ ಕೈ ಕುಲುಕಿದ್ದು."

ನನಗೆ ತಲೆ ಕೆಟ್ಟುಹೋಗಿತ್ತು. ಅವನ ಬಡಾಯಿ ಕೇಳುವ ಸಹನೆ ಉಳಿದಿರಲಿಲ್ಲ. ಬೆಲ್ಟ್ ಕೇಳೋಣ ಅಂತ ತಿರುಗಿದೆ.

ಡಾರ್ಲಾ ಮಾತ್ರ ಬಗ್ಗಿ ನೋಡುತ್ತಿದ್ದಳು. ಇಷ್ಟು ದಿನ ಬಾನೆಟ್ ಎತ್ತಿದಾಗೆಲ್ಲ ಅವಳು ದೂರ ನಿಲ್ಲುತ್ತಿದ್ದಳು. ಅಪ್ಪನ ನೆನಪಾಗುತ್ತೆ ಅಂತ. ಇವತ್ತು ಕೊನೇ ದಿನ ಅಂತಲೋ ಏನೋ ಹತ್ತಿರ ಬಂದಿದ್ದಳು.

"ವಾಂಡಾ," ಅಂದಳು ಮೆಲ್ಲಗೆ. "ಇದು ಪಿಕಲ್ಸ್."

"ಏನು?"

"ಪಿಕಲ್ಸ್. ನಮ್ಮ ನಾಯಿ. ನಾನು ಬರೆದದ್ದು."

ಬಗ್ಗಿ ಟಾರ್ಚು ಬಿಟ್ಟೆ. ಹಳದಿ ಬಳಪದಲ್ಲಿ ಒಂದು ಸೊಟ್ಟ ಸುತ್ತು. ಕೆಳಗೆ ನಾಲ್ಕು ಗೀಟು. ಒಂದು ಪಕ್ಕಕ್ಕೆ ಸುರುಳಿ ಬಾಲ. ಈ ಹಾಳು ಗುರುತನ್ನು ನಾನೂ ಮೂರು ಸಲ ನೋಡಿದ್ದೆ, ಕಾರ್ಖಾನೆಯದು ಅಂತ ಬಿಟ್ಟಿದ್ದೆ. ಅಂಥ ಗುರುತು ಎಲ್ಲ ಹಳೇ ಗಾಡಿಯಲ್ಲೂ ಇರುತ್ತೆ. ಯಾರೋ ಸಂಬಳದವನು ಅವಸರದಲ್ಲಿ ಗೀಚಿದ್ದು ಅಂದುಕೊಳ್ಳುತ್ತೀವೇ ಹೊರತು ಅದರಲ್ಲಿ ನಾಯಿ ಹುಡುಕುವವರು ಯಾರು?

ಡಾರ್ಲಾ ಬಾಯಿ ತೆರೆಯುವಷ್ಟರಲ್ಲಿ ಅವಳ ಕಾಲು ತುಳಿದೆ.

"ಮಿಸ್ಟರ್ ಪ್ರೂಯಿಟ್," ಅಂದೆ, ನನ್ನ ಕೈಲಾದಷ್ಟು ಸಪ್ಪೆ ದನಿಯಲ್ಲಿ. "ಈ ಗುರುತು ಯಾವುದೋ ಪುಸ್ತಕ ನೋಡಿ ಬರೆದದ್ದಲ್ವಾ? ಇನ್ಯಾವುದೋ ಗಾಡಿಯದು?"

ಅವನ ಮುಖ ಕೆಂಪಾಯಿತು. ಕಳ್ಳ ಅಂದಿದ್ದರೂ ಅಷ್ಟು ಕೆಂಪಾಗುತ್ತಿರಲಿಲ್ಲವೇನೋ.

"ಪುಸ್ತಕ ನೋಡಿ? ನಾನಾ? ಈ ಗಾಡಿಯದು ಮೇಡಂ, ಇದೇ ಗಾಡಿಯದು! ಧೂಳು ಒರೆಸಿದಾಗ ಇದೇ ಜಾಗದಲ್ಲಿ ಸಿಕ್ಕಿದ್ದು. ನನ್ನ ಕೈಯಾರೆ ಬೆಣ್ಣೆ ಕಾಗದ ಇಟ್ಟು ಅಚ್ಚು ತೆಗೆದೆ. ಇನ್ನೊಂದು ಗಾಡಿಯಲ್ಲಿ ಈ ಗುರುತು ತೋರಿಸಿ, ನನ್ನ ಹೆಸರು ಬದಲಾಯಿಸ್ಕೋತೀನಿ."

"ಖಂಡಿತಾ?"

"ಬರೆದುಕೊಡ್ಲಾ?"

"ಕೊಡಿ."

ಬರೆದೇ ಕೊಟ್ಟ! ತನ್ನ ಹೆಸರಿನ ಕಾಗದದಲ್ಲಿ, ದುಂಡಗೆ, ಸಹಿ ಹಾಕಿ. ಇಪ್ಪತ್ತಾರು ವರ್ಷದಲ್ಲಿ ಎಂಥೆಂಥ ಚಾಲಾಕಿ ಕಳ್ಳರನ್ನು ನೋಡಿದ್ದೀನಿ. ಅವರಲ್ಲಿ ಯಾರೂ ಈ ತಪ್ಪು ಮಾಡುತ್ತಿರಲಿಲ್ಲ. ಸಿಕ್ಕ ಗುರುತನ್ನೆಲ್ಲ ಅಳಿಸಿಬಿಡುತ್ತಿದ್ದರು. ಈ ಮನುಷ್ಯ ಅಂಕದ ಆಸೆಗೆ ಸಾಕ್ಷಿಯನ್ನು ಜೋಪಾನವಾಗಿ ಎತ್ತಿ, ಮತ್ತೆ ಅದೇ ಜಾಗಕ್ಕೆ ಬರೆದು, ಮೇಲೆ ವಾರ್ನಿಷ್ ಹೊಡೆದಿದ್ದ.

"ಈಗ ತೋರಿಸು ಡಾರ್ಲಾ," ಅಂದೆ.

ಅವಳು ಕೈಚೀಲದಿಂದ ಫೋಟೋ ತೆಗೆದಳು. ಅದು ನಾನು ಆರು ವಾರದಲ್ಲಿ ನೂರು ಸಲ ನೋಡಿದ ಫೋಟೋ. ಮಾಸಿದ ಬಣ್ಣ, ಬಾನೆಟ್ ಎತ್ತಿದ ಹಸಿರು ವುಲ್ವರಿನ್, ಹಾಲಿನ ಕ್ರೇಟಿನ ಮೇಲೆ ನಿಂತು ಇಂಜಿನ್ ಒಳಗೆ ಬಗ್ಗಿದ ನಾಲ್ಕು ವರ್ಷದ ಹುಡುಗಿ, ಬೀಳದ ಹಾಗೆ ಅವಳ ಫ್ರಾಕು ಹಿಡಿದುಕೊಂಡು ನಗುತ್ತಿರುವ ವರ್ನನ್. ಪ್ರತಿ ಸಲವೂ ನಾನು ನೋಡಿದ್ದು ನಂಬರ್ ಪ್ಲೇಟು ಕಾಣುತ್ತದೆಯೇ ಅಂತ ಒಂದೇ. ಮಗುವಿನ ಮುಷ್ಟಿಯಲ್ಲಿ ಹಳದಿ ಬಳಪ ಇತ್ತು. ಮುಷ್ಟಿಯ ಪಕ್ಕ, ತಗಡಿನ ಗೋಡೆಯ ಮೇಲೆ, ನಾಲ್ಕು ಕಾಲಿನ ಸೊಟ್ಟ ಸುತ್ತು.

ಹಣೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಎರಡು ಕೈಯೂ ಖಾಲಿ ಇರಲಿಲ್ಲ.

"ಹಿಂದೆ ತಿರುಗಿಸಿ ಓದಿ," ಅಂದೆ ಪ್ರೂಯಿಟ್‌ಗೆ. "1974. ಕಾರ್ಖಾನೆ ಬಿಟ್ಟು ಐದು ವರ್ಷ ಆದ ಮೇಲೆ. ನಿಮ್ಮ ತಪಾಸಣೆಯವರು ಯಾರು ಗೊತ್ತಾಯ್ತಾ? ಇಲ್ಲೇ ನಿಂತಿದಾರೆ, ಕೈ ಕುಲುಕಿ."

ಅವನು ಫೋಟೋ ನೋಡಿದ, ಗಾಡಿ ನೋಡಿದ, ಮತ್ತೆ ಫೋಟೋ ನೋಡಿದ.

"ನಾಯೀನಾ?" ಅಂದ, ದನಿ ಸಣ್ಣಗಾಗಿತ್ತು. "ನಾಲ್ಕು ಜನ ತೀರ್ಪುಗಾರರು..."

"ನನ್ನ ಅಪ್ಪ ಎಲ್ಲಿ?" ಅಂದಳು ಡಾರ್ಲಾ. ಕಣ್ಣಲ್ಲಿ ನೀರು ಧಾರಾಕಾರ, ದನಿ ಮಾತ್ರ ಗಟ್ಟಿ. "ಈ ಗಾಡಿ ಹತ್ತಿ ಹೋದವನು. ಎಲ್ಲಿ ನನ್ನ ಅಪ್ಪ? ಏನು ಮಾಡಿದ್ರಿ ಅವನಿಗೆ?"

"ಅಯ್ಯೋ ತಾಯಿ, ನಾನೇನೂ ಮಾಡಿಲ್ಲ! ನಿಮ್ಮ ಅಪ್ಪ ಯಾರು ಅಂತಾನೇ ಗೊತ್ತಿಲ್ಲ!"

ಟೋಲ್‌ಬರ್ಟ್‌ಗೆ ಫೋನು ಮಾಡಿದೆ. ಅವನು ಎರಡು ಸಲ "ನಾಯಿ?" ಅಂದ. ಬರೆದುಕೊಟ್ಟ ಕಾಗದ ಓದಿ ಹೇಳಿದೆ. "ಗಾಡಿ ಅಲ್ಲಿಂದ ಅಲ್ಲಾಡಬಾರದು. ಲಾರಿ ಬಂದ್ರೆ ಪೊಲೀಸ್ ಬರೋ ತನಕ ನಿಲ್ಲಿಸಿ. ನಲವತ್ತು ನಿಮಿಷದಲ್ಲಿ ಬರ್ತೀನಿ," ಅಂದ.

ಆರು ವಾರದಲ್ಲಿ ಮೊದಲ ಸಲ ನೆಟ್ಟಗೆ ಉಸಿರು ಬಿಟ್ಟೆ. ಬೆಲ್ಟ್ ಎತ್ತಿಕೊಂಡು ಕಟ್ಟಿಕೊಂಡೆ. ಪ್ರೂಯಿಟ್ ಬೇಡ ಅನ್ನಲಿಲ್ಲ.

"ಈಗ ಹೇಳಿ," ಅಂದೆ. "ಯಾರಿಂದ ತಗೊಂಡ್ರಿ? ಕದ್ದವನು ಯಾರು?"

"ಯಾರೂ ಕದ್ದಿಲ್ಲ. ಒಂದು ಹೆಂಗಸು ಕೊಟ್ಟಳು." ಅವನು ಸ್ಟೂಲಿನ ಮೇಲೆ ಕುಸಿದ. "ಹಳೇ ಗಾಡಿ ಬೇಕು ಅಂತ ನಾನು ಪೇಪರಲ್ಲಿ ಜಾಹೀರಾತು ಹಾಕ್ತಿದ್ದೆ. ಫೋನು ಮಾಡಿದಳು. ಹೆಸರು ಹೇಳಲಿಲ್ಲ. ಕಾಗದ ಪತ್ರ ಇಲ್ಲ ಅಂದಳು. ನನ್ನ ಹತ್ರ ಕೆಂಟಕಿಯ ಸುಟ್ಟ ಗಾಡಿಯ ಕಾಗದ, ಇಂಜಿನ್ನು ಎಲ್ಲಾ ಇತ್ತು. ಆಸೆ ಆಯ್ತು. ಅದು ತಪ್ಪು, ಒಪ್ಪಿದೆ. ಒಂದೇ ಷರತ್ತು ಹಾಕಿದಳು: ಈ ಗಾಡಿ ಅವಳ ಊರಿನ ಕಡೆ ಯಾವತ್ತೂ ಓಡಿಸಬಾರದು."

"ಚಳ್ಳೆಹಣ್ಣು ತಿನ್ನಿಸಬೇಡಿ. ಹೆಸರಿಲ್ಲದ ಹೆಂಗಸು!"

"ನಂಬಿಕೆ ಇಲ್ವಾ? ನನ್ನ ಹತ್ರ ಫೋಟೋ ಇದೆ. ಯಾವ ಗಾಡಿಯೇ ಆಗಲಿ, ಸಿಕ್ಕಿದ ದಿನ, ಸಿಕ್ಕಿದ ಜಾಗದಲ್ಲಿ, ಮುಟ್ಟೋ ಮೊದಲೇ ಫೋಟೋ ತೆಗೀತೀನಿ. ಅವಳು ಬೇಡ ಬೇಡ ಅಂದಳು. ಒಂದೇ ಒಂದು ತೆಗೆದೆ."

ಕಪಾಟಿನಿಂದ ಆಲ್ಬಮ್ ತಂದು ಮೇಜಿನ ಮೇಲಿಟ್ಟ. ಅವಸರದಲ್ಲಿ ಹಾಳೆ ತಿರುವಿದ. "ಇಗೋ."

ಮೂಲೆಯಲ್ಲಿ ಕಿತ್ತಳೆ ಬಣ್ಣದ ಅಂಕಿಯಲ್ಲಿ ತಾರೀಕು: 1996, ಸೆಪ್ಟೆಂಬರ್ 14. ವರ್ನನ್ ಹೋಗಿ ಎಂಟು ವರ್ಷ. ಟಾರ್ಪಾಲಿನ್ ಅರ್ಧ ಎಳೆದ ಗಾಡಿ, ಧೂಳು, ಗಾಳಿ ಇಳಿದ ಟೈರು. ಯಾವುದೋ ಗ್ಯಾರೇಜಿನ ಒಳಗೆ ತೆಗೆದದ್ದು. ಹಿಂದೆ ತೂತು ತೂತಿನ ಹಲಗೆ. ಸ್ಪ್ಯಾನರು, ಇಕ್ಕಳ, ಸುತ್ತಿಗೆ. ಒಂದೊಂದರ ಸುತ್ತಲೂ ಕೆಂಪು ಗೆರೆ.

ಇಂಥ ಹಲಗೆ ನಮ್ಮ ಕಡೆ ಮನೆಮನೆಯಲ್ಲೂ ಇದೆ ಅಂತ ನನಗೆ ನಾನೇ ಹೇಳಿಕೊಂಡೆ. ಆಗ ಕಣ್ಣು ಸುತ್ತಿಗೆಯ ಪಕ್ಕಕ್ಕೆ ಹೋಯಿತು.

ಕೆಂಪು ಗೆರೆಯೊಳಗೆ ಲಟ್ಟಣಿಗೆ ನೇತಾಡುತ್ತಿತ್ತು.

ಆಲ್ಬಮ್ ಮುಚ್ಚಲು ಕೈ ಚಾಚಿದೆ. ತಡವಾಗಿತ್ತು. ಡಾರ್ಲಾ ನನ್ನ ಭುಜದ ಹಿಂದೆ ನಿಂತಿದ್ದಳು, ಅವಳ ಉಸಿರು ನನ್ನ ಕಿವಿಗೆ ತಾಗುತ್ತಿತ್ತು. ಆ ಉಸಿರು ನಿಂತಿತು.

"ಇರಲ್ಲ," ಅಂದಳು. "ಬೇರೆ ಯಾರದೋ ಮನೆ ಇದು. ಅಲ್ವಾ ವಾಂಡಾ? ಅಮ್ಮ ಹೇಳಿದಳಲ್ಲ, ನೀವೂ ಕೇಳಿಸ್ಕೊಂಡ್ರಲ್ಲ. ಅಪ್ಪ ತಗೊಂಡು ಹೋದ. ಗಾಡಿ ತಗೊಂಡು ಹೋದ, ಲಟ್ಟಣಿಗೆ ತಗೊಂಡು ಹೋದ."

ವರ್ನನ್ ಹೋದ ಎಂಟು ವರ್ಷಕ್ಕೂ ಗಾಡಿ ಅವನದೇ ಗ್ಯಾರೇಜಿನಲ್ಲಿ ನಿಂತಿತ್ತು. ಆ ಶನಿವಾರ ವರ್ನನ್ ಗಾಡಿ ಹತ್ತಿ ಹೋದದ್ದನ್ನು ನೋಡಿದವರು ಯಾರು ಅಂತ ಹಳೇ ಫೈಲಿನಲ್ಲಿ ಒಂದೇ ಹೆಸರಿತ್ತು. ಆರು ವಾರದಿಂದ ಆ ಹೆಸರಿನವರ ಅಡುಗೆಮನೆಯಲ್ಲಿ ಕೂತು ನಾನು ಕಾಫಿ ಕುಡಿಯುತ್ತಿದ್ದೆ. ನನ್ನ ಮೇಲೆ ನನಗೆ ಬಂದ ಸಿಟ್ಟಿಗೆ ಮೈಯೆಲ್ಲ ಉರಿಯಿತು.

ಡಾರ್ಲಾಳ ಫೋನು ಹೊಡೆದುಕೊಂ‍ಡಿತು. ಪರದೆಯ ಮೇಲೆ 'ಅಮ್ಮ' ಅಂತ ಇತ್ತು.

ಎತ್ತಬೇಡ ಅಂತ ತಲೆ ಆಡಿಸಿದೆ. ಅವಳು ಎತ್ತಿ, ಸ್ಪೀಕರಿಗೆ ಹಾಕಿ, ಆಲ್ಬಮ್ಮಿನ ಪಕ್ಕದಲ್ಲಿಟ್ಟಳು.

"ಎಲ್ಲಿದೀರೇ? ಹೊತ್ತು ಗೊತ್ತು ಬೇಡ್ವಾ?" ಲೊರೆಟಾ ದನಿ, ಬೆಳಗಿನಷ್ಟೇ ಲವಲವಿಕೆ. ಹಿಂದೆ ಮೇಜಿನ ಮೇಲೆ ಏನೋ ಉರುಳುವ ಸದ್ದು. "ವಾಂಡಾ ಗಾಡಿ ಮತ್ತೆ ಕೆಟ್ಟಿತಾ?"

"ಇಲ್ಲಮ್ಮ. ಏನು ಮಾಡ್ತಿದೀಯ?"

"ಇನ್ನೇನು ಮಾಡ್ಲಿ, ಪೈಗೆ ಹಿಟ್ಟು ಲಟ್ಟಿಸ್ತಿದೀನಿ."

"ಯಾವುದರಲ್ಲಿ?"

"ಯಾವುದರಲ್ಲಿ ಅಂದ್ರೆ? ಸೀಸೆಯಲ್ಲಿ ಕಣೆ."

"ಲಟ್ಟಣಿಗೆ ಎಲ್ಲಮ್ಮ?"

"ಇದೇನೇ ಇದು? ಬೆಳಗ್ಗೆ ತಾನೇ ಹೇಳಿದೆ. ನಿಮ್ಮಪ್ಪ ಒಯ್ದ."

"ಯಾವಾಗ?" ಡಾರ್ಲಾಳ ಬೆರಳು ಫೋಟೋದ ಮೇಲಿತ್ತು, ಕೆಂಪು ಗೆರೆಯ ಮೇಲೆ. "ತೊಂಬತ್ತಾರನೇ ಇಸವಿ ಸೆಪ್ಟೆಂಬರಿನಲ್ಲಿ ಅದು ನಮ್ಮ ಗ್ಯಾರೇಜಿನ ಗೋಡೆ ಮೇಲಿತ್ತು. ಅಮ್ಮಾ, ಅಪ್ಪ ಯಾವಾಗ ಹೋದ?"

ಉರುಳುವ ಸದ್ದು ನಿಂತಿತು.

ಪ್ರೂಯಿಟ್ ಸ್ಟೂಲಿನಿಂದ ಎದ್ದು ನಿಂತಿದ್ದ. ಫೋನನ್ನೇ ನೋಡುತ್ತಿದ್ದ; ಆ ದನಿ ಅವನಿಗೆ ಗುರುತು ಸಿಕ್ಕಿತ್ತು. ಹೊರಗೆ ಲಾರಿ ಹಿಂದಕ್ಕೆ ಬರುವ ಕುಂಯ್‌ಗುಟ್ಟುವಿಕೆ ಶುರುವಾಯಿತು. ಯಾರೂ ಆ ಕಡೆ ತಿರುಗಲಿಲ್ಲ.

ಆಮೇಲೆ ಲೊರೆಟಾ ಮಾತಾಡಿದರು. ಸಿಟ್ಟಿಲ್ಲ, ಅಳುವಿಲ್ಲ. ಕೈಯ ಹಿಟ್ಟು ಒರೆಸಿಕೊಳ್ಳುತ್ತ ಮಾತಾಡಿದ ಹಾಗಿತ್ತು.

"ಆ ಫೋಟೋ ಹರಿದು ಹಾಕ್ತೀನಿ ಅಂತ ಆ ಮನುಷ್ಯ ನನಗೆ ಮಾತು ಕೊಟ್ಟಿದ್ದ."